ದಂಡಿನ ಡ್ರೈವರ್‌ಗೆ ಊರಿನ ಲೈಸೆನ್ಸ್

ಸೇನೆಯಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿ ನಿವೃತ್ತರಾದವರಿಗೆ ಡಿಎಲ್, ವಾಹನ ತೆರಿಗೆ, ಟೋಲ್ ವಿಷಯದಲ್ಲಿ ಕಾನೂನು ಏನು ಕೊಟ್ಟಿದೆ, ಏನು ಕೊಟ್ಟಿಲ್ಲ?

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟ್ ಇವತ್ತು ಚೂಡಿದಾರ್, ಸೀರೆ, ಬಳೆ, ಚಪ್ಪಲಿಗಳ ಪೇಟೆ. ಆದರೆ ಈ ಪೇಟೆ ಕಟ್ಟಿಕೊಂಡಿದ್ದು ಸೈನಿಕರನ್ನು ನೆಚ್ಚಿ. ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಪಡೆ 1809ರ ಹೊತ್ತಿಗೆ ಬೆಂಗಳೂರಿಗೆ ಬಂದು ಹಲಸೂರಿನ ಆಸುಪಾಸಿನಲ್ಲಿ ನೆಲೆಯೂರಿತು. ದಂಡು ಬಂದ ಮೇಲೆ ದರ್ಜಿಗಳು ಬಂದರು, ಬೂಟು ಹೊಲಿಯುವವರು ಬಂದರು, ದಿನಸಿ ಸಾಗಿಸುವವರು, ಕುದುರೆಗೆ ಮೇವು ಒದಗಿಸುವವರು ಬಂದರು. ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ, ಹಿಂದೆ ಕ್ಯಾವಲ್ರಿ ರಸ್ತೆ ಎನಿಸಿಕೊಂಡಿದ್ದ ಈಗಿನ ಕಾಮರಾಜ ರಸ್ತೆ ಎಲ್ಲವೂ ಆ ಕಾಲದ ಗುರುತುಗಳೇ.

ದಂಡು ಇಲ್ಲಿಂದ ಹೋಗಿಲ್ಲ. 1780ರಷ್ಟು ಹಳೆಯ ಬೇರುಗಳಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಜನ ಎಂಇಜಿ ಎನ್ನುವ ಕೇಂದ್ರ, ಹಲಸೂರು ಕೆರೆಯ ಮಗ್ಗುಲಲ್ಲೇ ಇದೆ. ಆರ್ಮಿ ಸರ್ವಿಸ್ ಕೋರ್‌ನ ಕೇಂದ್ರ ಮತ್ತು ಕಾಲೇಜು, ಮಿಲಿಟರಿ ಪೊಲೀಸರ ಕೇಂದ್ರ, ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ, ಪಯೋನಿಯರ್ ಕೋರ್‌ನ ಕೇಂದ್ರ ಎಲ್ಲವೂ ಇದೇ ಊರಿನಲ್ಲಿವೆ. ಕಬ್ಬನ್ ರಸ್ತೆಯಲ್ಲಿ ಕರ್ನಾಟಕ ಮತ್ತು ಕೇರಳ ಸಬ್ ಏರಿಯಾದ ಮುಖ್ಯ ಕಚೇರಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ. ಹೀಗಾಗಿ ಪಿಂಚಣಿ ಕಾಗದ, ಕ್ಯಾಂಟೀನ್ ಸಾಮಾನು, ಕಮಾಂಡ್ ಆಸ್ಪತ್ರೆಯ ತಪಾಸಣೆ ಎಂದು ರಾಜ್ಯದ ನಾನಾ ಕಡೆಯಿಂದ ಮಾಜಿ ಸೈನಿಕರು ಈ ಭಾಗಕ್ಕೆ ಬರುತ್ತಲೇ ಇರುತ್ತಾರೆ. ಬಂದವರು ಮನೆಯವರಿಗೆ ಒಂದಿಷ್ಟು ಬಟ್ಟೆಬರೆ ಕೊಳ್ಳಲು ಕಮರ್ಷಿಯಲ್ ಸ್ಟ್ರೀಟ್‌ಗೂ ಕಾಲಿಡುತ್ತಾರೆ.

ಅವರ ನಡುವೆ ಸದಾ ಓಡಾಡುವ ಮಾತೊಂದಿದೆ: ಗಾಡಿಗೆ ಸಂಬಂಧಿಸಿದಂತೆ ಮಾಜಿ ಸೈನಿಕರಿಗೆ ಏನೇನು ಸವಲತ್ತಿದೆ? ಒಬ್ಬರು ರೋಡ್ ಟ್ಯಾಕ್ಸ್ ಮಾಫಿ ಎನ್ನುತ್ತಾರೆ, ಇನ್ನೊಬ್ಬರು ಟೋಲ್ ಫ್ರೀ ಎನ್ನುತ್ತಾರೆ, ಮತ್ತೊಬ್ಬರು ಕ್ಯಾಂಟೀನ್ ಕಾರೇ ಲಾಭ ಎನ್ನುತ್ತಾರೆ. ಇವೆಲ್ಲದರ ನಡುವೆ ಯಾರೂ ಹೆಚ್ಚು ಎತ್ತದ ಒಂದು ಹಕ್ಕಿದೆ. ಅದು ಡ್ರೈವಿಂಗ್ ಲೈಸೆನ್ಸಿಗೆ ಸಂಬಂಧಿಸಿದ್ದು. ಕಾರಿನ ರಿಯಾಯಿತಿ ಒಮ್ಮೆ ಸಿಕ್ಕಿ ಮುಗಿಯುತ್ತದೆ. ಲೈಸೆನ್ಸ್ ಮಾತ್ರ ನಿವೃತ್ತಿಯ ನಂತರದ ಇಪ್ಪತ್ತು ವರ್ಷ ಅನ್ನ ಹಾಕುತ್ತದೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಲೇಹ್‌ವರೆಗೆ ಓಡಿಸಿದರೂ ಶಿವಾಜಿನಗರದಲ್ಲಿ ಓಡಿಸುವಂತಿಲ್ಲ

ಹಾಸನದ ಕಡೆಯ ಒಬ್ಬ ಹವಾಲ್ದಾರ್ ಎಂದಿಟ್ಟುಕೊಳ್ಳಿ. ಇಪ್ಪತ್ತರ ವಯಸ್ಸಿನಲ್ಲಿ ಆರ್ಮಿ ಸರ್ವಿಸ್ ಕೋರ್ ಸೇರಿ, ಬೆಂಗಳೂರಿನಲ್ಲೇ ಎಂಟಿ (ಮೆಕ್ಯಾನಿಕಲ್ ಟ್ರಾನ್ಸ್‌ಪೋರ್ಟ್) ಡ್ರೈವರ್ ತರಬೇತಿ ಮುಗಿಸಿದವರು. ಆಮೇಲೆ ಜಮ್ಮು, ಲೇಹ್, ತೇಜ್‌ಪುರ. ಹಿಮ ಬಿದ್ದ ಘಟ್ಟದಲ್ಲಿ ಚಕ್ರಕ್ಕೆ ಸರಪಳಿ ಕಟ್ಟಿ, ಕಾನ್ವಾಯ್‌ನ ಸಾಲು ಕದಡದಂತೆ ರೇಷನ್ ತುಂಬಿದ ಲಾರಿಯನ್ನು ಮೇಲಕ್ಕೆ ಏರಿಸಿದವರು. ಈಗ ನಲವತ್ತರ ಹೊಸ್ತಿಲಲ್ಲಿ ಪೆನ್ಷನ್ ಬಂದಿದ್ದಾರೆ. ಮಕ್ಕಳ ಓದಿಗೆಂದು ಕೆ.ಆರ್. ಪುರದ ಕಡೆ ಬಾಡಿಗೆ ಮನೆ ಹಿಡಿದಿದ್ದಾರೆ. ಭಾವಮೈದುನನ ಸ್ಕೂಟರ್ ಏರಿ ಹಳೇ ಮದ್ರಾಸ್ ರಸ್ತೆಯಲ್ಲಿ ಹಲಸೂರಿನವರೆಗೆ ಬಂದರೆ ಅವರು ಕಾನೂನಿನ ಕಣ್ಣಲ್ಲಿ ಲೈಸೆನ್ಸ್ ಇಲ್ಲದ ಸವಾರ.

ಕಾರಣ 1988ರ ಮೋಟಾರು ವಾಹನ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿದೆ. ದೇಶದ ರಕ್ಷಣೆಯ ಕೆಲಸಕ್ಕೆ ಬಳಸುವ, ಯಾವ ವ್ಯಾಪಾರಕ್ಕೂ ಸೇರದ ಕೇಂದ್ರ ಸರ್ಕಾರದ ವಾಹನಗಳನ್ನು ಓಡಿಸಲು, 18 ವರ್ಷ ತುಂಬಿದವರಿಗೆ ನಿಗದಿತ ಪ್ರಾಧಿಕಾರವೇ ಲೈಸೆನ್ಸ್ ಕೊಡಬಹುದು. ಅದು ಇಡೀ ದೇಶಕ್ಕೆ ಅನ್ವಯಿಸುತ್ತದೆ. ಆದರೆ ಅದೇ ಸೆಕ್ಷನ್‌ನ ಮೂರನೇ ಉಪಸೆಕ್ಷನ್ ಒಂದು ಗೆರೆ ಎಳೆಯುತ್ತದೆ: ಈ ಲೈಸೆನ್ಸ್ ಇಟ್ಟುಕೊಂಡು ಇಂತಹ ವಾಹನವನ್ನಲ್ಲದೆ ಬೇರೆ ಯಾವುದನ್ನೂ ಓಡಿಸುವಂತಿಲ್ಲ. ಸ್ವಂತ ಸ್ಕೂಟರೂ ಇಲ್ಲ, ಅಣ್ಣನ ಕಾರೂ ಇಲ್ಲ.

ಸೇನೆಯ ವಾಹನಗಳಿಗೂ ಇದೇ ಬಗೆಯ ಪ್ರತ್ಯೇಕ ವ್ಯವಸ್ಥೆ. 60ನೇ ಸೆಕ್ಷನ್ ಪ್ರಕಾರ ಅವುಗಳ ನೋಂದಣಿ ರಕ್ಷಣಾ ಇಲಾಖೆಯಲ್ಲೇ ಆಗುತ್ತದೆ, ಆರ್‌ಟಿಒ ಮೆಟ್ಟಿಲು ಹತ್ತಬೇಕಿಲ್ಲ. ಕಬ್ಬನ್ ರಸ್ತೆಯಲ್ಲಿ ನಿಂತು ಸೇನೆಯ ಲಾರಿಯೊಂದರ ನಂಬರ್ ನೋಡಿ. ಕೆಎ ಎಂಬ ಅಕ್ಷರ ಇರುವುದಿಲ್ಲ. ಮೇಲ್ಮುಖವಾದ ಒಂದು ಬಾಣ, ಅದರ ಪಕ್ಕ ವರ್ಷ ಸೂಚಿಸುವ ಎರಡು ಅಂಕಿ, ಆಮೇಲೆ ವಾಹನದ ವರ್ಗದ ಅಕ್ಷರ ಮತ್ತು ಕ್ರಮಸಂಖ್ಯೆ. ಬಣ್ಣವೂ ಅವರಿಗೇ ಮೀಸಲು. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ರಕ್ಷಣಾ ಇಲಾಖೆಯದ್ದಲ್ಲದ ವಾಹನಕ್ಕೆ ಆಲಿವ್ ಹಸಿರು ಬಳಿಯುವಂತಿಲ್ಲ. ಸೇನೆ ಹರಾಜು ಹಾಕಿದ ಜೊಂಗಾ ಜೀಪನ್ನು ಆಸೆಪಟ್ಟು ಕೊಂಡವರು ಸೇನೆಯ ಮಾರಾಟ ಪ್ರಮಾಣಪತ್ರವನ್ನು ನಮೂನೆ 21ರಲ್ಲಿ ಪಡೆದು ಆರ್‌ಟಿಒಗೆ ಕೊಟ್ಟು, ಬಣ್ಣ ಬದಲಿಸಿ, ಹೊಸದಾಗಿ ನೋಂದಣಿ ಮಾಡಿಸಬೇಕು. ಆ ಜೀಪು ನಾಗರಿಕ ರಸ್ತೆಗೆ ಇಳಿಯಲು ಹೇಗೆ ಒಂದು ದಾರಿ ಇದೆಯೋ, ಅದನ್ನು ಓಡಿಸುತ್ತಿದ್ದವರಿಗೂ ಒಂದು ದಾರಿ ಇದೆ.

ಟೆಸ್ಟ್ ಬೇಡ ಎನ್ನುತ್ತದೆ ಕಾಯ್ದೆ

ಆ ದಾರಿ 9ನೇ ಸೆಕ್ಷನ್‌ನ ಮೂರನೇ ಉಪಸೆಕ್ಷನ್‌ನಲ್ಲಿದೆ. ಲೈಸೆನ್ಸ್ ಕೇಳುವವರು ಚಾಲನಾ ಪರೀಕ್ಷೆ ಪಾಸಾಗಬೇಕು ಎಂಬುದು ಸಾಮಾನ್ಯ ನಿಯಮ. ಅದಕ್ಕೆ ಕೆಲವು ವಿನಾಯಿತಿಗಳುಂಟು. ಅರ್ಜಿದಾರರು 18ನೇ ಸೆಕ್ಷನ್‌ನ ಅಡಿಯಲ್ಲಿ ಅದೇ ವರ್ಗದ ವಾಹನಕ್ಕೆ ಲೈಸೆನ್ಸ್ ಹೊಂದಿದ್ದರೆ ಅಥವಾ ಹಿಂದೆ ಹೊಂದಿದ್ದರೆ, ಪರೀಕ್ಷೆಯ ಅಗತ್ಯವಿಲ್ಲ. ಚಾಲನೆಗೆ ಅಪಾಯ ತರುವಂಥ ದೈಹಿಕ ತೊಂದರೆ ಇರಬಾರದು, ಅಷ್ಟೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನಾಗರಿಕರ ಲೈಸೆನ್ಸ್ ಅವಧಿ ಮುಗಿದು ಐದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಲೇಬೇಕು ಎಂಬ ಮಿತಿ ಅದೇ ಉಪಸೆಕ್ಷನ್‌ನಲ್ಲಿದೆ. ಸೇನೆಯ ಲೈಸೆನ್ಸ್ ಹೊಂದಿದ್ದವರ ಸಾಲಿನಲ್ಲಿ ಆ ಮಿತಿಯನ್ನು ಹಾಕಿಲ್ಲ. ಯೋಧನ ಕೈಗೆ ಪಳಗಿದ ವಿದ್ಯೆಗೆ ಸಂಸತ್ತು ಕೊಟ್ಟ ಮರ್ಯಾದೆ ಇದು.

ಆದರೆ ಕೌಂಟರ್‌ನಲ್ಲಿ ಮಾತು ಬೇರೆ ರೀತಿ ಸಾಗುವುದುಂಟು. ನಮ್ಮ ಹವಾಲ್ದಾರ್ ಹೋಗಿ ಕೇಳುತ್ತಾರೆ: ‘ಸರ್, ಮಿಲಿಟರಿ ಲೈಸೆನ್ಸ್ ಇದೆ, ಸಿವಿಲ್‌ಗೆ ಮಾಡಿಸ್ಬೇಕಿತ್ತು.’ ಆ ಕಡೆಯಿಂದ ಉತ್ತರ ಬರುತ್ತದೆ: ‘ಎಲ್‌ಎಲ್ ಹಾಕಿದ್ದೀರಾ? ಮೊದಲು ಎಲ್‌ಎಲ್ ಮಾಡ್ಸಿ, ತಿಂಗಳು ಬಿಟ್ಟು ಟೆಸ್ಟ್‌ಗೆ ಬನ್ನಿ.’ ಸೇನೆಯಲ್ಲಿ ಎದುರು ಮಾತಾಡಿ ಅಭ್ಯಾಸವಿಲ್ಲದವರು ‘ಆಯ್ತು ಸರ್’ ಎಂದು ಹೊರಗೆ ಬರುತ್ತಾರೆ. ಗೇಟಿನ ಹೊರಗೆ ಏಜೆಂಟ್ ಸಿಗುತ್ತಾನೆ. ಕಾನೂನೇ ಬಿಟ್ಟುಕೊಟ್ಟ ಪರೀಕ್ಷೆಯನ್ನು ತಪ್ಪಿಸಲು ದುಡ್ಡು ಕೊಡುವ ಸ್ಥಿತಿ ಹೀಗೆ ಬರುತ್ತದೆ.

ಇದನ್ನು ತಪ್ಪಿಸುವುದು ಕಷ್ಟವಲ್ಲ. ಅರ್ಜಿ ಈಗ ಆನ್‌ಲೈನ್‌ನಲ್ಲಿ, ‘ಸಾರಥಿ’ ಪೋರ್ಟಲ್ ಮೂಲಕ. ಅರ್ಜಿ ತುಂಬುವಾಗ ತಾನು ರಕ್ಷಣಾ ಇಲಾಖೆಯ ಲೈಸೆನ್ಸ್ ಹೊಂದಿದ್ದೇನೆ ಎಂಬ ಆಯ್ಕೆಯನ್ನೇ ಒತ್ತಬೇಕು. ಸಾಮಾನ್ಯ ಅರ್ಜಿದಾರರ ಸಾಲಿಗೆ ಸೇರಿಕೊಂಡರೆ ತಂತ್ರಾಂಶ ತನ್ನ ಪಾಡಿಗೆ ಕಲಿಕಾ ಲೈಸೆನ್ಸ್ (ಎಲ್‌ಎಲ್), ಮೂವತ್ತು ದಿನದ ಕಾಯುವಿಕೆ, ಟೆಸ್ಟ್ ಎಂಬ ಹಾದಿಗೇ ತಳ್ಳುತ್ತದೆ. ಸೇನೆಯ ಮೂಲ ಲೈಸೆನ್ಸ್, ಡಿಸ್ಚಾರ್ಜ್ ಬುಕ್, ವಿಳಾಸ ಮತ್ತು ವಯಸ್ಸಿನ ದಾಖಲೆ ಜೊತೆಗಿರಲಿ. ನಲವತ್ತು ದಾಟಿದವರು ಮತ್ತು ಸಾರಿಗೆ ವಾಹನದ ಲೈಸೆನ್ಸ್ ಕೇಳುವವರು ವೈದ್ಯರಿಂದ ನಮೂನೆ 1ಎ ಪ್ರಮಾಣಪತ್ರ ತರಬೇಕು. 2019ರ ತಿದ್ದುಪಡಿಯ ನಂತರ ರಾಜ್ಯದ ಯಾವ ಪ್ರಾಧಿಕಾರದ ಮುಂದೆಯೂ ಅರ್ಜಿ ಹಾಕಲು ಅವಕಾಶವಿದೆ. ಆದ್ದರಿಂದ ಇಂದಿರಾನಗರ ಭಾಗದ ಕೆಎ 03 ಆಗಲಿ, ಕೆ.ಆರ್. ಪುರದ ಕೆಎ 53 ಆಗಲಿ, ಹುಟ್ಟೂರಿನ ಆರ್‌ಟಿಒ ಆಗಲಿ, ಹಕ್ಕು ಒಂದೇ.

ನಾಳೆ ಮಾಡಿಸಿದರಾಯಿತು ಎಂದು ಬಿಡುವುದಕ್ಕೂ ಒಂದು ಬೆಲೆ ಇದೆ. ಲೈಸೆನ್ಸ್ ಇಲ್ಲದೆ ಓಡಿಸಿದರೆ ಕೇಂದ್ರ ಕಾಯ್ದೆಯಂತೆ ದಂಡ 5,000 ರೂಪಾಯಿ. ಅಪಘಾತವಾದರಂತೂ ವಿಮಾ ಕಂಪನಿ ಮೊದಲು ಕೇಳುವುದೇ ಡಿಎಲ್. ಇದರ ಜೊತೆಗೆ ವರ್ಷ ಕಳೆದಂತೆ ಘಟಕ ಬೇರೆ ಊರಿಗೆ ಹೋಗುತ್ತದೆ, ಸಹಿ ಮಾಡಿದ ಅಧಿಕಾರಿ ನಿವೃತ್ತರಾಗುತ್ತಾರೆ, ಟ್ರಂಕಿನಲ್ಲಿದ್ದ ಕಾಗದ ಮಾಸುತ್ತದೆ. ಕಾಯ್ದೆಯಲ್ಲಿ ಗಡುವಿಲ್ಲದಿದ್ದರೂ ದಾಖಲೆಗೆ ಆಯುಷ್ಯವಿದೆ.

ಲಾರಿ, ಬಸ್ಸಿನ ಗಂಟು

ಸ್ವಂತ ಕಾರಿನ ಮಟ್ಟಿಗೆ ವಿಷಯ ಇಷ್ಟು ಸರಳ. ದುಡಿಮೆಗೆ ಗಾಡಿ ಓಡಿಸುವಾಗ ಇನ್ನೊಂದು ಮೆಟ್ಟಿಲು ಎದುರಾಗುತ್ತದೆ. ಸಾರಿಗೆ ವಾಹನದ ಲೈಸೆನ್ಸಿಗೆ ಅರ್ಜಿ ಹಾಕುವವರು ಮಾನ್ಯತೆ ಪಡೆದ ಡ್ರೈವಿಂಗ್ ಶಾಲೆಯ ಪ್ರಮಾಣಪತ್ರ ಕೊಡಬೇಕು ಎನ್ನುತ್ತದೆ 9ನೇ ಸೆಕ್ಷನ್‌ನ ನಾಲ್ಕನೇ ಉಪಸೆಕ್ಷನ್. ಎಂಟನೇ ತರಗತಿ ಪಾಸಾಗಿರಬೇಕು ಎಂಬ ಹಳೆಯ ಷರತ್ತು 2019ರಲ್ಲಿ ಹೋಯಿತು, ಶಾಲೆಯ ಪ್ರಮಾಣಪತ್ರದ ಷರತ್ತು ಉಳಿಯಿತು. ಹದಿನೈದು ವರ್ಷ ಲಾರಿ ಓಡಿಸಿದವರಿಗೂ ಗಲ್ಲಿಯ ಡ್ರೈವಿಂಗ್ ಶಾಲೆಯ ಒಂದು ಹಾಳೆ ಬೇಕಾಗುತ್ತದೆ.

ಇದಕ್ಕೆ ಅರ್ಧ ಪರಿಹಾರ ಸುಪ್ರೀಂ ಕೋರ್ಟ್‌ನಿಂದ ಬಂದಿದೆ. ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನು ಸಾಮಾನ್ಯ ಲಘು ವಾಹನ ಲೈಸೆನ್ಸ್ ಇರುವವರೂ ಓಡಿಸಬಹುದು, ಪ್ರತ್ಯೇಕ ನಮೂದು ಬೇಕಿಲ್ಲ ಎಂದು 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ನ್ಯಾಯಾಲಯ ಹೇಳಿತ್ತು. ವಿಮಾ ಕಂಪನಿಗಳು ಅದನ್ನು ಮತ್ತೆ ಪ್ರಶ್ನಿಸಿದಾಗ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಆ ತೀರ್ಪನ್ನು ಎತ್ತಿಹಿಡಿಯಿತು. ಅಂದರೆ ನಮ್ಮ ಹವಾಲ್ದಾರ್ ಟೆಸ್ಟ್ ಇಲ್ಲದೆ ಪಡೆದ ಲಘು ವಾಹನ ಲೈಸೆನ್ಸ್‌ನಲ್ಲೇ ವಿಮಾನ ನಿಲ್ದಾಣಕ್ಕೆ ಕ್ಯಾಬ್ ಓಡಿಸಬಹುದು, ಶಿವಾಜಿನಗರದ ಗೋದಾಮಿನಿಂದ ಸಣ್ಣ ಗೂಡ್ಸ್ ಗಾಡಿಯಲ್ಲಿ ಸರಕು ಸಾಗಿಸಬಹುದು. ಶಾಲಾ ಬಸ್ಸು, ದೊಡ್ಡ ಲಾರಿ, ಸಾರಿಗೆ ನಿಗಮದ ಬಸ್ಸಿಗೆ ಮಾತ್ರ ಭಾರಿ ವಾಹನದ ಲೈಸೆನ್ಸ್ ಬೇಕೇ ಬೇಕು. ಸಾರಿಗೆ ಲೈಸೆನ್ಸ್‌ನ ಅವಧಿ ಈಗ ಐದು ವರ್ಷ.

ಈ ಉಳಿದರ್ಧ ಗಂಟನ್ನು ಬಿಚ್ಚುವ ಶಕ್ತಿ ಬೆಂಗಳೂರಿಗೇ ಇದೆ. ಸೇನೆಯ ಡ್ರೈವರ್‌ಗಳನ್ನು ತಯಾರು ಮಾಡುವ ಆರ್ಮಿ ಸರ್ವಿಸ್ ಕೋರ್ ಕೇಂದ್ರ ಇದೇ ಊರಿನಲ್ಲಿದೆ. ಅಲ್ಲಿನ ‘ಟಾರ್ನೆಡೋಸ್’ ಬೈಕ್ ಸಾಹಸ ತಂಡ 2017ರ ನವೆಂಬರ್ 19ರಂದು ಯಲಹಂಕ ವಾಯುನೆಲೆಯಲ್ಲಿ 500 ಸಿಸಿಯ ಒಂದೇ ರಾಯಲ್ ಎನ್‌ಫೀಲ್ಡ್ ಬೈಕಿನ ಮೇಲೆ 58 ಜನರನ್ನು ಹೊತ್ತು ಸಾಗಿ ವಿಶ್ವದಾಖಲೆ ಬರೆಯಿತು. ಇಂಥ ಕೌಶಲವನ್ನು ಕಲಿಸುವ ಸಂಸ್ಥೆಯ ಪ್ರಮಾಣಪತ್ರವನ್ನು ಎಲ್ಲ ಆರ್‌ಟಿಒಗಳೂ ಒಂದೇ ರೀತಿಯಲ್ಲಿ, ಪ್ರಶ್ನೆ ಎತ್ತದೆ ಒಪ್ಪಬೇಕು. ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಲ್ಲಿ ಪಾಸಾದವರಿಗೆ ಆರ್‌ಟಿಒ ಟೆಸ್ಟ್ ಬೇಡ ಎಂಬ ನಿಯಮ 2021ರ ಜುಲೈನಿಂದಲೇ ಜಾರಿಯಲ್ಲಿದೆ. ಖಾಸಗಿ ಕೇಂದ್ರಗಳ ಮೇಲೆ ಇಡುವ ನಂಬಿಕೆಯನ್ನು ಸೇನೆಯ ಮೇಲೆ ಇಡಲು ಹಿಂಜರಿಕೆ ಏಕಿರಬೇಕು?

ತೆರಿಗೆ: ಎರಡು ಸರ್ಕಾರ, ಎರಡು ಲೆಕ್ಕ

ಇನ್ನು ಕಾರಿನ ವಿಷಯ. ಗೊಂದಲ ಹುಟ್ಟುವುದು ಎರಡು ಬೇರೆ ಬೇರೆ ತೆರಿಗೆಗಳನ್ನು ಒಂದೇ ಎಂದು ತಿಳಿಯುವುದರಿಂದ. ಕಾರಿನ ಬೆಲೆಯ ಮೇಲೆ ಜಿಎಸ್‌ಟಿ ಇದೆ. ರಸ್ತೆಗಿಳಿಸಲು ರಾಜ್ಯಕ್ಕೆ ಕಟ್ಟುವ ಜೀವಿತಾವಧಿ ತೆರಿಗೆ ಬೇರೆ ಇದೆ. ಸೈನಿಕರಿಗೆ ಖಚಿತವಾದ ರಿಯಾಯಿತಿ ಇರುವುದು ಮೊದಲನೆಯದರಲ್ಲಿ.

1948ರಲ್ಲಿ ಆರಂಭವಾದ ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್, ಅಂದರೆ ಸಿಎಸ್‌ಡಿ, ತಾನು ಕಟ್ಟಿದ ಜಿಎಸ್‌ಟಿಯಲ್ಲಿ ಅರ್ಧವನ್ನು ಹಿಂದಕ್ಕೆ ಪಡೆಯುತ್ತದೆ. ಆ ಲಾಭ ಕೊಳ್ಳುವವರಿಗೆ ದಾಟುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 5 ಲಕ್ಷ ರೂಪಾಯಿ ಬೆಲೆಯ ಸಣ್ಣ ಕಾರಿಗೆ ಸಾಮಾನ್ಯರು ಕಟ್ಟುವ ಜಿಎಸ್‌ಟಿ 90,000 ರೂಪಾಯಿ, ಸಿಎಸ್‌ಡಿ ಲೆಕ್ಕದಲ್ಲಿ 45,000. ಕಾರು, ಬೈಕು, ಫ್ರಿಜ್‌ನಂಥ ದೊಡ್ಡ ವಸ್ತುಗಳನ್ನು ಕೊಳ್ಳಲು 2021ರ ಜನವರಿಯಲ್ಲಿ ಶುರುವಾದ ಪ್ರತ್ಯೇಕ ಆನ್‌ಲೈನ್ ಪೋರ್ಟಲ್ ಇದೆ. 2019ರ ಜೂನ್ 1ರಿಂದ ಜಾರಿಗೆ ಬಂದ ಆದೇಶ ಇದಕ್ಕೆ ಕಟ್ಟುನಿಟ್ಟಿನ ಮಿತಿ ಹಾಕಿತು: ಅಧಿಕಾರಿಗಳಿಗೆ ಎಂಟು ವರ್ಷಕ್ಕೊಂದು ಕಾರು, ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಮತ್ತು ಜವಾನರಿಗೆ ಸೇವೆಯಲ್ಲಿ ಒಮ್ಮೆ, ನಿವೃತ್ತಿಯಾದಾಗ ಒಮ್ಮೆ. ಬೆಲೆ ಮತ್ತು ಎಂಜಿನ್ ಗಾತ್ರದ ಮಿತಿಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತವೆ, ಆದ್ದರಿಂದ ಬುಕ್ ಮಾಡುವ ದಿನ ಪೋರ್ಟಲ್‌ನಲ್ಲಿರುವುದೇ ಅಂತಿಮ. ಸಿಕ್ಕ ಒಂದು ಅವಕಾಶವನ್ನು ಅವಸರದಲ್ಲಿ ನೆಂಟರಿಷ್ಟರಿಗಾಗಿ ಬಳಸಿಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂಬುದು ನೆನಪಿರಲಿ.

ಎರಡನೆಯದು ರಾಜ್ಯದ ತೆರಿಗೆ. 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯಡಿ ಹೊಸ ಪೆಟ್ರೋಲ್, ಡೀಸೆಲ್ ಕಾರಿಗೆ ಬೆಲೆ 5 ಲಕ್ಷದವರೆಗೆ ಶೇ 13, ಅಲ್ಲಿಂದ 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲಾದರೆ ಶೇ 18. ಇದರ ಮೇಲೆ ಸೆಸ್ ಬೇರೆ. ಷೋರೂಂ ಬೆಲೆ 5.90 ಲಕ್ಷವಾದರೆ ಸೆಸ್ ಬಿಟ್ಟು ತೆರಿಗೆಯೇ 82,600 ರೂಪಾಯಿ. ಈ ದರಪಟ್ಟಿ ನೋಡುವುದು ವಾಹನದ ಬೆಲೆಯನ್ನು, ಮಾಲೀಕರು ಹಿಂದೆ ಯಾವ ಕೆಲಸದಲ್ಲಿದ್ದರು ಎಂಬುದನ್ನಲ್ಲ. ಯಾವುದೇ ವರ್ಗಕ್ಕೆ ವಿನಾಯಿತಿ ಕೊಡಬೇಕಾದರೆ ಸರ್ಕಾರ ಕಾಯ್ದೆಯ 16ನೇ ಸೆಕ್ಷನ್‌ನಡಿ ಅಧಿಸೂಚನೆ ಹೊರಡಿಸಬೇಕು. ಹೀಗಾಗಿ ಯಾರಾದರೂ ‘ನಿಮಗೆ ರೋಡ್ ಟ್ಯಾಕ್ಸ್ ಇಲ್ಲ’ ಎಂದರೆ ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ ಕೇಳಬೇಕು. ಕ್ಯಾಂಟೀನ್ ಕಾರು ಬುಕ್ ಮಾಡುವ ಮೊದಲೇ ಡೀಲರ್‌ನಿಂದ ಜೀವಿತಾವಧಿ ತೆರಿಗೆಯ ಅಂದಾಜನ್ನು ಬರಹದಲ್ಲಿ ಪಡೆಯಬೇಕು. ಜಿಎಸ್‌ಟಿಯಲ್ಲಿ ಉಳಿದ ಹಣ ತೆರಿಗೆಯಲ್ಲಿ ಹೋಗುವುದನ್ನು ಕಂಡು ಕಡೆಯ ಗಳಿಗೆಯಲ್ಲಿ ಸಾಲಕ್ಕೆ ಓಡಾಡುವುದು ಆಗ ತಪ್ಪುತ್ತದೆ.

ಯುದ್ಧದಲ್ಲಿ, ಗಸ್ತಿನಲ್ಲಿ ಕೈಕಾಲು ಕಳೆದುಕೊಂಡವರ ದಾರಿ ಬೇರೆ. ಅವರ ಹಕ್ಕು ವಿಕಲಚೇತನರಿಗೆ ಇರುವ ನಿಯಮಗಳ ಮೂಲಕ ಬರುತ್ತದೆ. ದೇಹಸ್ಥಿತಿಗೆ ತಕ್ಕಂತೆ ಬದಲಾಯಿಸಿದ ವಾಹನವನ್ನು ಮೋಟಾರು ವಾಹನ ಕಾಯ್ದೆ ಪ್ರತ್ಯೇಕವಾಗಿ ಗುರುತಿಸುತ್ತದೆ. 2020ರ ಅಕ್ಟೋಬರ್‌ನಲ್ಲಿ ನೋಂದಣಿ ಅರ್ಜಿಯ ನಮೂನೆ 20ಕ್ಕೆ ತಿದ್ದುಪಡಿ ತಂದು, ಮಾಲೀಕತ್ವದ ಕಾಲಂನಲ್ಲಿ ದಿವ್ಯಾಂಗರು ಎಂದು ನಮೂದಿಸಲು ಅವಕಾಶ ಮಾಡಲಾಯಿತು. ಆರ್‌ಸಿಯಲ್ಲಿ ಈ ನಮೂದು ಇಲ್ಲದೆ ಹೋದರೆ ಮುಂದಿನ ಯಾವ ವಿನಾಯಿತಿ ಕೇಳಲೂ ತೊಡಕು. ವಾಹನ ಕೊಳ್ಳುವ ದಿನವೇ ಡೀಲರ್‌ಗೆ ಹೇಳಿ ಅದನ್ನು ಬರೆಸಬೇಕು.

ಊರೂರು ಸುತ್ತಿದ ಗಾಡಿ

ಸೈನಿಕರ ಬೈಕು ಪುಣೆಯಲ್ಲಿ ಹುಟ್ಟಿ, ಪಠಾಣ್‌ಕೋಟ್‌ನಲ್ಲಿ ಬೆಳೆದು, ರೈಲಿನ ಪಾರ್ಸಲ್ ಬೋಗಿಯಲ್ಲಿ ಬೆಂಗಳೂರು ದಂಡು ನಿಲ್ದಾಣದಲ್ಲಿ ಇಳಿಯುತ್ತದೆ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ನೋಂದಣಿಯ ವಾಹನ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಇಲ್ಲಿನ ನಂಬರ್ ಪಡೆಯಬೇಕು. ಮೊದಲ ರಾಜ್ಯದಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ವಾಹನದ ವಯಸ್ಸಿಗೆ ತಕ್ಕ ತೆರಿಗೆ ಕಟ್ಟಿ, ಆಮೇಲೆ ಅಲ್ಲಿ ಕಟ್ಟಿದ್ದರ ಬಾಕಿ ಭಾಗಕ್ಕೆ ಮರುಪಾವತಿ ಕೇಳಬೇಕು. ನಿವೃತ್ತಿಗೆ ಮುಂಚೆ, ಆ ಊರಿನಲ್ಲಿ ಇರುವಾಗಲೇ ಎನ್‌ಒಸಿ ತೆಗೆದುಕೊಂಡರೆ ಒಂದು ದೂರದ ಪ್ರಯಾಣ ಉಳಿಯುತ್ತದೆ.

ಈ ತಾಪತ್ರಯಕ್ಕೆಂದೇ ಬಂದದ್ದು ಬಿಎಚ್ ಸರಣಿ. 2021ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಟು ಸೆಪ್ಟೆಂಬರ್ 15ರಿಂದ ಜಾರಿಯಾಯಿತು. ಸೇನಾ ಸಿಬ್ಬಂದಿ, ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಗಳ ನೌಕರರು ಇದನ್ನು ಆರಿಸಿಕೊಳ್ಳಬಹುದು. ಒಂದೇ ಸಲ ಹದಿನೈದು ವರ್ಷದ ತೆರಿಗೆ ಕಟ್ಟುವ ಬದಲು ಎರಡು ವರ್ಷದ ಕಂತಿನಲ್ಲಿ ಕಟ್ಟಬಹುದು. ದರ 10 ಲಕ್ಷದೊಳಗಿನ ಕಾರಿಗೆ ಶೇ 8, 20 ಲಕ್ಷದವರೆಗೆ ಶೇ 10, ಅದರ ಮೇಲೆ ಶೇ 12ರ ಲೆಕ್ಕ. ಡೀಸೆಲ್‌ಗೆ ಶೇ 2 ಹೆಚ್ಚು, ವಿದ್ಯುತ್ ವಾಹನಕ್ಕೆ ಶೇ 2 ಕಡಿಮೆ. ರಾಜ್ಯ ಬದಲಾದರೂ ನಂಬರ್ ಬದಲಾಗುವುದಿಲ್ಲ. ಸೇವೆಯ ನಡುವೆ ಕಾರು ಕೊಳ್ಳುವ ಯೋಧರಿಗೆ ಇದು ನಿಜವಾದ ಅನುಕೂಲ. ನಿವೃತ್ತಿಗೆ ಒಂದೆರಡು ವರ್ಷ ಬಾಕಿ ಇದ್ದು ಊರಿನಲ್ಲೇ ನೆಲೆಸುವವರು ಮಾತ್ರ ಎರಡೂ ಲೆಕ್ಕಗಳನ್ನು ಪಕ್ಕಪಕ್ಕ ಬರೆದು ನೋಡಿ ತೀರ್ಮಾನಿಸುವುದು ಲೇಸು.

ಟೋಲ್ ಗೇಟಿನ ಜಗಳ

ಹಲಸೂರಿನಿಂದ ಹೊರಡುವ ಹಳೇ ಮದ್ರಾಸ್ ರಸ್ತೆ ಕೆ.ಆರ್. ಪುರ ದಾಟಿ ಹೊಸಕೋಟೆಯ ಟೋಲ್ ತಲುಪುತ್ತದೆ. ರಾಜ್ಯದ ಎಲ್ಲ ಟೋಲ್‌ಗಳಲ್ಲೂ ಆಗಾಗ ಕೇಳುವ ವಾದವೊಂದಿದೆ: ‘ನಾನು ಎಕ್ಸ್ ಸರ್ವಿಸ್‌ಮನ್, ನನಗೆ ಟೋಲ್ ಇಲ್ಲ.’ ಈ ನಂಬಿಕೆಗೆ ಮೂಲ 1901ರ ಟೋಲ್ ಕಾಯ್ದೆ. ಅದು ಸೇನೆಯವರಿಗೆ ವಿನಾಯಿತಿ ಕೊಟ್ಟಿರುವುದು ಕರ್ತವ್ಯದ ಮೇಲಿರುವಾಗ. ನಿವೃತ್ತರ ಖಾಸಗಿ ಪ್ರಯಾಣಕ್ಕೆ ಅದು ಅನ್ವಯಿಸುವುದಿಲ್ಲ.

ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು, 2008ರ 11ನೇ ನಿಯಮ ಶೌರ್ಯ ಪ್ರಶಸ್ತಿ ಪಡೆದವರಿಗೆ ವಿನಾಯಿತಿ ಕೊಟ್ಟಿದೆ. ಪರಮವೀರ ಚಕ್ರ, ಅಶೋಕ ಚಕ್ರ, ಮಹಾವೀರ ಚಕ್ರ, ಕೀರ್ತಿ ಚಕ್ರ, ವೀರ ಚಕ್ರ, ಶೌರ್ಯ ಚಕ್ರ ಪುರಸ್ಕೃತರು ಅಧಿಕೃತ ಫೋಟೊ ಗುರುತಿನ ಚೀಟಿ ತೋರಿಸಿದರೆ ಶುಲ್ಕವಿಲ್ಲ. ಉಳಿದ ನಿವೃತ್ತರು ಎಲ್ಲರಂತೆ ಕಟ್ಟಬೇಕು. ನಂಬರ್ ಪ್ಲೇಟ್ ಮೇಲೆ ‘ಆರ್ಮಿ’ ಎಂದು ಬರೆಸಿಕೊಂಡರೆ ಹೊಸ ಹಕ್ಕು ಹುಟ್ಟುವುದಿಲ್ಲ. ಪ್ಲೇಟಿನ ಮೇಲೆ ನೋಂದಣಿ ಸಂಖ್ಯೆಯ ಹೊರತು ಬೇರೆ ಬರಹಕ್ಕೆ ಅವಕಾಶವೂ ಇಲ್ಲ. ಇಲ್ಲದ ಹಕ್ಕಿಗಾಗಿ ಟೋಲ್‌ನ ಹುಡುಗನ ಮುಂದೆ ದನಿ ಎತ್ತುವುದು ಜೀವಮಾನವಿಡೀ ಶಿಸ್ತಿನಲ್ಲಿ ಬಾಳಿದವರ ಗೌರವಕ್ಕೆ ತಕ್ಕದ್ದಲ್ಲ. ಇರುವ ಹಕ್ಕಿಗಾಗಿ ಕಾಯ್ದೆಯ ಸೆಕ್ಷನ್ ಹಿಡಿದು ನಿಂತರೆ ಆ ಗೌರವ ಹೆಚ್ಚುತ್ತದೆ.

ಮನೆಯವರ ಹೆಸರೂ ಇರಲಿ

ಯೋಧರ ಮನೆಗಳಲ್ಲಿ ಪಿಂಚಣಿಗೆ ನಾಮಿನಿ ಬರೆಸುವುದು ರೂಢಿ. ಗಾಡಿಗೂ ಬರೆಸಬಹುದು ಎಂಬುದು ಹಲವರಿಗೆ ಹೊಸ ವಿಷಯ. 2021ರ ನಿಯಮ ತಿದ್ದುಪಡಿಯಿಂದ ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸಲು ಅವಕಾಶವಿದೆ. ಮಾಲೀಕರು ತೀರಿಕೊಂಡಾಗ 30 ದಿನದೊಳಗೆ ಆರ್‌ಟಿಒಗೆ ತಿಳಿಸಿದರೆ ವಾರಸುದಾರರು ಮೂರು ತಿಂಗಳು ವಾಹನ ಬಳಸಬಹುದು, ಅಷ್ಟರೊಳಗೆ ನಮೂನೆ 31ರಲ್ಲಿ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕು. ದುಃಖದ ಮನೆಯಲ್ಲಿ ಈ ದಿನಗಳ ಲೆಕ್ಕ ಇಡುವುದು ಸುಲಭವಲ್ಲ. ಹೆಸರು ಮೊದಲೇ ಇದ್ದರೆ ಒಬ್ಬ ಹೆಣ್ಣುಮಗಳು ಕಚೇರಿಯಿಂದ ಕಚೇರಿಗೆ ಅಲೆಯುವುದು ಕಡಿಮೆಯಾಗುತ್ತದೆ.

ಬರಲಿದ್ದಾರೆ ಅಗ್ನಿವೀರರು

ಈ ಇಡೀ ವಿಷಯಕ್ಕೆ ಈಗ ತುರ್ತು ಬಂದಿರುವುದು ಅಗ್ನಿಪಥ ಯೋಜನೆಯಿಂದ. 2022ರಲ್ಲಿ ಘೋಷಣೆಯಾದ ಈ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಆಮೇಲೆ ಕಾಯಂ ಆಗುವವರು ಗರಿಷ್ಠ ಶೇ 25. ಉಳಿದವರು ಇಪ್ಪತ್ತೈದರ ಆಸುಪಾಸಿನಲ್ಲೇ ಮನೆಗೆ ಮರಳುತ್ತಾರೆ. ಅವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕರೆಂಬ ಸ್ಥಾನವಿಲ್ಲ, ಕ್ಯಾಂಟೀನ್ ಕಾರ್ಡ್ ಇಲ್ಲ.

ಆದರೆ 9ನೇ ಸೆಕ್ಷನ್ ಕೇಳುವುದು ಪಿಂಚಣಿಯ ಕಾಗದವನ್ನಲ್ಲ. 18ನೇ ಸೆಕ್ಷನ್‌ನ ಲೈಸೆನ್ಸ್ ಇತ್ತೇ ಎಂದಷ್ಟೇ ಕೇಳುತ್ತದೆ. ಸೇನೆಯಲ್ಲಿ ಡ್ರೈವರ್ ಆಗಿದ್ದ ಅಗ್ನಿವೀರನಿಗೂ ಆ ಬಾಗಿಲು ತೆರೆದಿದೆ. ಮಿಕ್ಕ ಸವಲತ್ತುಗಳು ಸೇವೆಯ ಅವಧಿಗೆ, ಪದಕಕ್ಕೆ, ದೇಹಸ್ಥಿತಿಗೆ ಅಂಟಿಕೊಂಡಿದ್ದರೆ ಇದೊಂದು ಕೈಯ ಕೆಲಸಕ್ಕೆ ಅಂಟಿಕೊಂಡಿದೆ. ದುಡಿಯುವ ವಯಸ್ಸಿನ ಯುವಕನಿಗೆ ಕಾರಿನ ರಿಯಾಯಿತಿಗಿಂತ ಇದೇ ದೊಡ್ಡದು.

ಹೊರದೇಶಗಳು ಇದನ್ನು ಮೊದಲೇ ಮನಗಂಡಿವೆ. ಅಮೆರಿಕದಲ್ಲಿ ಸೇನೆಯ ಭಾರಿ ವಾಹನಗಳನ್ನು ಎರಡು ವರ್ಷ ಓಡಿಸಿದವರಿಗೆ ವಾಣಿಜ್ಯ ಲೈಸೆನ್ಸ್‌ನ ಚಾಲನಾ ಪರೀಕ್ಷೆ ಮನ್ನಾ ಮಾಡಲು ರಾಜ್ಯಗಳಿಗೆ 2011ರಲ್ಲಿ ಅಧಿಕಾರ ಸಿಕ್ಕಿತು. ಸೇವೆ ಬಿಟ್ಟ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಬ್ರಿಟನ್‌ನಲ್ಲಿ ಯುದ್ಧದಲ್ಲಿ ಗಾಯಗೊಂಡು ಓಡಾಟದ ಭತ್ಯೆ ಪಡೆಯುವವರಿಗೆ ವಾಹನ ತೆರಿಗೆಯೇ ಇಲ್ಲ. ನಮ್ಮ ಕಾಯ್ದೆಯಲ್ಲಿ ಮೊದಲನೆಯ ಹಕ್ಕು ಬರಹದಲ್ಲಿ ಆಗಲೇ ಇದೆ, ಗಡುವಿಲ್ಲದೆ ಇದೆ. ಕೊರತೆ ಇರುವುದು ಅದನ್ನು ತಲುಪಿಸುವ ಕೆಲಸದಲ್ಲಿ.

ಆಗಬೇಕಾದ್ದು ಮೂರು

ಒಂದು, ಬೆಂಗಳೂರಿನ ಸೇನಾ ಕೇಂದ್ರಗಳಲ್ಲೇ ಸಾರಿಗೆ ಇಲಾಖೆ ಲೈಸೆನ್ಸ್ ಶಿಬಿರ ನಡೆಸಬೇಕು. ಯೋಧರು ಸಮವಸ್ತ್ರದಲ್ಲಿ ಇರುವಾಗ, ಘಟಕದ ದಾಖಲೆ ಕೈಗೆಟುಕುವಾಗ ಅರ್ಜಿ ಪರಿಶೀಲಿಸುವುದು ಇಬ್ಬರಿಗೂ ಸುಲಭ. ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಬೆಳಗಾವಿಯಲ್ಲೂ ಇದು ಆಗಲಿ.

ಎರಡು, 18ನೇ ಸೆಕ್ಷನ್‌ನ ಲೈಸೆನ್ಸ್ ತಂದವರಿಂದ ಯಾವ ದಾಖಲೆ ಕೇಳಬೇಕು, ಯಾವುದನ್ನು ಕೇಳಬಾರದು ಎಂಬ ಒಂದೇ ಪಟ್ಟಿ ರಾಜ್ಯದ ಎಲ್ಲ ಆರ್‌ಟಿಒಗಳ ಗೋಡೆಯ ಮೇಲೆ ಕನ್ನಡದಲ್ಲಿ ಇರಲಿ. ಕೌಂಟರ್‌ನಲ್ಲಿ ಕೂತವರು ಬದಲಾದಾಗ ಉತ್ತರ ಬದಲಾಗಬಾರದು.

ಮೂರು, ವಾಹನ ತೆರಿಗೆಯಲ್ಲಿ ಯಾವ ವರ್ಗಕ್ಕೆ ಯಾವ ಅಧಿಸೂಚನೆಯಂತೆ ಎಷ್ಟು ವಿನಾಯಿತಿ ಇದೆ ಎಂಬುದನ್ನು ಸಾರಿಗೆ ಇಲಾಖೆ ಮತ್ತು ಸೈನಿಕ ಕಲ್ಯಾಣ ಇಲಾಖೆ ಜೊತೆಗೂಡಿ ಪ್ರಕಟಿಸಿ, ಪ್ರತಿ ವರ್ಷ ತಿದ್ದುತ್ತಿರಲಿ. ಗಾಳಿಮಾತಿಗೆ ತಡೆ ಬೀಳುವುದು ಅಧಿಕೃತ ಮಾತು ಸುಲಭವಾಗಿ ಸಿಕ್ಕಾಗ ಮಾತ್ರ.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯ್ದೆ ಬೇಡ, ದೊಡ್ಡ ಅನುದಾನವೂ ಬೇಡ. ಎರಡು ಇಲಾಖೆಗಳು ಒಂದು ಮೇಜಿನ ಸುತ್ತ ಕೂತರೆ ಸಾಕು. ಅಲ್ಲಿಯವರೆಗೆ ನಿವೃತ್ತಿಯ ದಿನ ಎಣಿಸುತ್ತಿರುವ ಪ್ರತಿಯೊಬ್ಬ ಎಂಟಿ ಡ್ರೈವರ್‌ಗೂ ಹೇಳುವ ಮಾತು ಇಷ್ಟೇ: ಪಿಂಚಣಿಯ ಕಾಗದಕ್ಕೆ ಸಹಿ ಹಾಕುವ ವಾರದಲ್ಲೇ ಡಿಎಲ್ ಅರ್ಜಿಯನ್ನೂ ತುಂಬಿ. ಟೆಸ್ಟ್ ಕೊಡಿ ಎಂದವರಿಗೆ 9ನೇ ಸೆಕ್ಷನ್‌ನ ಮೂರನೇ ಉಪಸೆಕ್ಷನ್ ತೋರಿಸಿ. ನೀವು ಅಲ್ಲಿ ಕೇಳುತ್ತಿರುವುದು ಉಪಕಾರವನ್ನಲ್ಲ, ಸೇನೆಯಲ್ಲಿ ಆಗಲೇ ಪಾಸಾದ ಪರೀಕ್ಷೆಯ ಫಲಿತಾಂಶವನ್ನು.